ಮತಕ್ಕಿಂತ ಮೊದಲು ಪಟ್ಟಿ: ಕ್ಷೇತ್ರ, ಹೆಸರು, ಎಣಿಕೆ ಕುರಿತು ಓದುಗರ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ವಿಧಾನಸಭಾ ಕ್ಷೇತ್ರ ಮತ್ತು ಚುನಾವಣೆಯ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಉತ್ತರಿಸಿದ್ದೇವೆ. ಹೆಚ್ಚಿನವರು ಕೇಳಿರುವುದು ಮತದಾನದ ದಿನದ ತೊಂದರೆಗಳನ್ನು. ಆದರೆ ಆ ತೊಂದರೆಗಳ ಬೇರು ಇರುವುದು ಅದಕ್ಕೂ ಹಿಂದಿನ, ಯಾರೂ ಪಟ್ಟಿ ತೆರೆದು ನೋಡದ ತಿಂಗಳುಗಳಲ್ಲಿ. ಹಾಗಾಗಿ ನಮ್ಮ ಉತ್ತರಗಳೂ ಅತ್ತ ವಾಲಿವೆ.

ಪ್ರಶ್ನೆ: ನಮ್ಮದು ಕಟ್ಟಾಯ ಹೋಬಳಿ. ತಾಲ್ಲೂಕು ಹಾಸನ, ಆದರೆ ಮತ ಹಾಕುವುದು ಸಕಲೇಶಪುರ ಕ್ಷೇತ್ರಕ್ಕೆ. ಹೀಗೇಕೆ? ಯಾವ ಕೆಲಸಕ್ಕೆ ಯಾರ ಹತ್ತಿರ ಹೋಗಬೇಕು?

ಉತ್ತರ: ತಾಲ್ಲೂಕು ಕಂದಾಯದ ಗಡಿ, ಕ್ಷೇತ್ರ ಚುನಾವಣೆಯ ಗಡಿ. ಎರಡೂ ಒಂದೇ ಆಗಿರಬೇಕೆಂದಿಲ್ಲ. ಈಗಿನ ಕ್ಷೇತ್ರಗಳು 2001ರ ಜನಗಣತಿಯ ಲೆಕ್ಕದ ಮೇಲೆ ವಿಂಗಡಣೆಯಾಗಿ 2008ರ ಚುನಾವಣೆಯಿಂದ ಜಾರಿಗೆ ಬಂದವು. ಕ್ಷೇತ್ರ ಕ್ಷೇತ್ರಗಳ ನಡುವೆ ಜನಸಂಖ್ಯೆ ಆದಷ್ಟು ಸರಿಸಮನಾಗಬೇಕು ಎಂಬುದು ಆಗಿನ ಮುಖ್ಯ ಸೂತ್ರ. ಆಲೂರು, ಸಕಲೇಶಪುರ ತಾಲ್ಲೂಕುಗಳ ಜೊತೆ ನಿಮ್ಮ ಹೋಬಳಿ ಸೇರಿದ್ದು ಹೀಗೆ. ಆಗಲೇ ಹಾಸನ ಜಿಲ್ಲೆಯಲ್ಲಿ ಗಂಡಸಿ, ಚಿಕ್ಕಮಗಳೂರಿನಲ್ಲಿ ಬೀರೂರು ಕ್ಷೇತ್ರಗಳು ಇಲ್ಲವಾದವು. ಹಾಸನಕ್ಕೆ ಏಳು, ಚಿಕ್ಕಮಗಳೂರಿಗೆ ಐದು ಉಳಿದವು. ಪರಿಶಿಷ್ಟ ಜಾತಿಯ ಮೀಸಲು ಬೇಲೂರಿನಿಂದ ಸಕಲೇಶಪುರಕ್ಕೆ ಹೋಯಿತು. ಲೋಕಸಭೆಯ ಲೆಕ್ಕ ಮತ್ತೂ ಬೇರೆ: ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ಉಳಿದ ನಾಲ್ಕು ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ. ಕಳಸ, ಅಜ್ಜಂಪುರ ಹೊಸ ತಾಲ್ಲೂಕುಗಳಾದ ಮಾತ್ರಕ್ಕೆ ಕ್ಷೇತ್ರದ ಗಡಿ ಕದಲಿಲ್ಲ.

ಕೆಲಸದ ವಿಷಯಕ್ಕೆ ಬರೋಣ. ಪಹಣಿ, ಪೋಡಿ, ವೃದ್ಧಾಪ್ಯ ವೇತನ, ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಿಮ್ಮ ನಾಡಕಚೇರಿ, ಅದರ ಮೇಲೆ ಹಾಸನದ ತಹಶೀಲ್ದಾರ್. ಇವಕ್ಕೆ ಶಾಸಕರ ಪತ್ರದ ಅಗತ್ಯವೇ ಇಲ್ಲ. ಊರಿನ ರಸ್ತೆ, ಚರಂಡಿ, ಸಮುದಾಯ ಭವನದಂಥ ಕೆಲಸವನ್ನು ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಕೇಳುವುದಾದರೆ ನೀವು ಮತ ಹಾಕಿದ ಕ್ಷೇತ್ರದ ಶಾಸಕರನ್ನೇ ಕೇಳಬೇಕು. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಅರ್ಜಿಯಲ್ಲಿ ಗ್ರಾಮದ ಹೆಸರು, ಸರ್ವೆ ನಂಬರ್, ಜಾಗ ಯಾರ ಹೆಸರಿನಲ್ಲಿದೆ ಎಂಬುದು ಇರಲೇಬೇಕು. ಇಂಥ ಅರ್ಜಿಗಳು ಮುಗ್ಗರಿಸುವುದು ಜಾಗದ ವಿಚಾರದಲ್ಲಿ: ಖಾಸಗಿ ಜಮೀನು ಎಂದು ಅಂದಾಜು ಪಟ್ಟಿ ಮಾಡಲು ಬಂದ ಎಂಜಿನಿಯರ್‌ಗೆ ಗೊತ್ತಾದರೆ ಕಡತ ಅಲ್ಲೇ ನಿಲ್ಲುತ್ತದೆ. ಗ್ರಾಮಸಭೆಯ ನಡಾವಳಿಯ ಪ್ರತಿ ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬೇಲೂರಿನ ಮನೆ, ತೋಟ ಅವನ ಹೆಸರಿನಲ್ಲೇ ಇವೆ. ಎರಡೂ ಕಡೆ ಮತದಾರರ ಪಟ್ಟಿಯಲ್ಲಿ ಹೆಸರಿದೆ. ಮತ ಒಂದೇ ಕಡೆ ಹಾಕಿದರೆ ಸಾಲದೇ?

ಉತ್ತರ: ಸಾಲದು. 1950ರ ಜನಪ್ರತಿನಿಧಿ ಕಾಯ್ದೆಯ 17 ಮತ್ತು 18ನೇ ಸೆಕ್ಷನ್‌ಗಳು ಎರಡು ಕ್ಷೇತ್ರಗಳಲ್ಲಾಗಲಿ, ಒಂದೇ ಕ್ಷೇತ್ರದಲ್ಲಿ ಎರಡು ಕಡೆಯಾಗಲಿ ಹೆಸರು ಇರಕೂಡದು ಎನ್ನುತ್ತವೆ. ಮತ ಹಾಕಿದಿರೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಅರ್ಜಿಯಲ್ಲಿ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂದು ಸುಳ್ಳು ಘೋಷಣೆ ಕೊಟ್ಟರೆ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಇನ್ನು ತೋಟದ ಮಾತು: ಮನೆಯ ಒಡೆತನ ಇದೆ ಎಂಬ ಕಾರಣಕ್ಕಷ್ಟೇ ಯಾರೂ ಆ ಕ್ಷೇತ್ರದ ಸಾಮಾನ್ಯ ನಿವಾಸಿ ಆಗುವುದಿಲ್ಲ ಎಂದು 20ನೇ ಸೆಕ್ಷನ್ ಬಿಡಿಸಿ ಹೇಳಿದೆ. ತೋಟಕ್ಕೆ ವಾರಕ್ಕೊಮ್ಮೆ ಬಂದು ಹೋಗುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅದೇ ಸೆಕ್ಷನ್ ಇನ್ನೊಂದನ್ನೂ ಹೇಳುತ್ತದೆ: ತಾತ್ಕಾಲಿಕವಾಗಿ ಊರು ಬಿಟ್ಟವರ ಹಕ್ಕು ಅಷ್ಟರಿಂದಲೇ ಹೋಗುವುದಿಲ್ಲ. ಎಲ್ಲಿ ವಾಸ ಎಂಬುದನ್ನು ಮಗ ಪ್ರಾಮಾಣಿಕವಾಗಿ ತೀರ್ಮಾನಿಸಲಿ.

ಎರಡು ಕಡೆ ಹೆಸರು ಬರಲು ಕಾರಣ ಬಹುತೇಕ ಒಂದೇ. ಊರು ಬದಲಿಸಿದವರು ನಮೂನೆ 8 ಕೊಡುವ ಬದಲು ನಮೂನೆ 6 ತುಂಬುತ್ತಾರೆ. ನಮೂನೆ 6 ಹೊಸಬರಿಗೆ ಮಾತ್ರ. ವಿಳಾಸ ಬದಲಾವಣೆ, ತಿದ್ದುಪಡಿ, ಕಾರ್ಡ್ ಬದಲಿ, ಅಂಗವಿಕಲತೆ ನಮೂದು, ಈ ನಾಲ್ಕಕ್ಕೂ ನಮೂನೆ 8. ಅದರಲ್ಲಿ ಹಳೆಯ ಎಪಿಕ್ (ಮತದಾರರ ಗುರುತಿನ ಚೀಟಿ) ನಂಬರ್ ಬರೆದರೆ ಹಳೆಯ ಕಡೆಯ ಹೆಸರು ತೆಗೆಯುವ ದಾರಿ ತೆರೆಯುತ್ತದೆ. ಈಗಾಗಲೇ ಎರಡಾಗಿದ್ದರೆ, ಬೇಡದ ಕಡೆ ಹೆಸರು ತೆಗೆಯಲು ನಮೂನೆ 7 ಕೊಡಬೇಕು. ಚುನಾವಣಾ ಆಯೋಗದ ಆ್ಯಪ್‌ನಲ್ಲೂ ಕೊಡಬಹುದು, ಬಿಎಲ್‌ಒ (ನಿಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಕೈಗೂ ಕೊಡಬಹುದು. ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೂ ಅರ್ಜಿ ಎಲ್ಲಿದೆ ಎಂದು ಹುಡುಕುವುದು ಕಷ್ಟ.

ಅರ್ಜಿ ಕೊಟ್ಟ ಮೇಲೆ ಸುಮ್ಮನೆ ಕೂರಬೇಡಿ. ಪಟ್ಟಿಯ ಪುಟದಲ್ಲಿ ಪ್ರತಿ ಮತದಾರರಿಗೆ ಒಂದು ಚೌಕ: ಕ್ರಮಸಂಖ್ಯೆ, ಎಪಿಕ್ ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ತೆಗೆದುಹಾಕಿದ ಹೆಸರಿನ ಜೊತೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಇ ಎಂದರೆ ತೀರಿಕೊಂಡವರು, ಎಸ್ ಎಂದರೆ ವಾಸ ಬದಲಿಸಿದವರು, ಆರ್ ಎಂದರೆ ಎರಡು ಬಾರಿ ಬಂದ ಹೆಸರು, ಎಂ ಎಂದರೆ ಸಿಗದವರು, ಕ್ಯೂ ಎಂದರೆ ಅನರ್ಹರು. ಬದುಕಿರುವವರ ಹೆಸರಿನ ಮುಂದೆ ಇ ಇದ್ದರೆ, ಊರಲ್ಲೇ ಇರುವವರ ಮುಂದೆ ಎಸ್ ಇದ್ದರೆ ಅಂದೇ ತಕರಾರು ಹಾಕಿ. ಕೇಳದೆ ಹೆಸರು ತೆಗೆಯುವಂತಿಲ್ಲ, ತಮ್ಮ ಮಾತು ಹೇಳಲು ಅವಕಾಶ ಕೊಡಲೇಬೇಕು ಎಂದು 22ನೇ ಸೆಕ್ಷನ್ ಹೇಳುತ್ತದೆ. ನೋಂದಣಿ ಅಧಿಕಾರಿಯ ಆದೇಶ ಸರಿಕಾಣದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಗಡುವು ನೆನಪಿರಲಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆ ಮುಗಿಯುವ ತನಕ ಪಟ್ಟಿಗೆ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಪರಿಶೀಲನೆ, ಆಕ್ಷೇಪಣೆಗೆ ಸಮಯ ಬೇಕಿರುವುದರಿಂದ ಆ ದಿನಕ್ಕೆ ಹತ್ತು ದಿನ ಮೊದಲೇ ಅರ್ಜಿ ತಲುಪಿರಬೇಕು. ಮತದಾನದ ಬೆಳಗ್ಗೆ ಬೂತಿನ ಮುಂದೆ ಎಪಿಕ್ ಕಾರ್ಡ್ ಹಿಡಿದು ವಾದಿಸಿದರೆ ಏನೂ ಆಗುವುದಿಲ್ಲ. ಕಾರ್ಡ್ ಗುರುತಿಗೆ ಮಾತ್ರ, ಹಕ್ಕು ಇರುವುದು ಪಟ್ಟಿಯಲ್ಲಿ.

ಪ್ರಶ್ನೆ: ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಲೈನ್ ಮನೆಗಳಲ್ಲಿ ಹತ್ತಾರು ವರ್ಷದಿಂದ ಇರುವ ಕೆಲಸಗಾರರಿಗೆ ಕರೆಂಟ್ ಬಿಲ್ಲೂ ಇಲ್ಲ, ಬಾಡಿಗೆ ಕರಾರೂ ಇಲ್ಲ. ಹೆಸರು ಸೇರಿಸುವುದು ಹೇಗೆ?

ಉತ್ತರ: ನಮೂನೆ 6ಕ್ಕೆ ವಿಳಾಸದ ದಾಖಲೆಯಾಗಿ ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ಕೂ ನಡೆಯುತ್ತವೆ. ಆದರೆ ಅವುಗಳಲ್ಲಿ ತೋಟದ ವಿಳಾಸವೇ ಇರಬೇಕು. ಊರಿನ ಹಳೆಯ ವಿಳಾಸವಿದ್ದರೆ ಮೊದಲು ಅದನ್ನು ಬದಲಿಸಿ. ಯಾವ ದಾಖಲೆಯೂ ಇಲ್ಲದಿದ್ದರೆ ಅರ್ಜಿ ತಿರಸ್ಕರಿಸಬೇಕಿಲ್ಲ, ಬಿಎಲ್‌ಒ ಸ್ಥಳಕ್ಕೆ ಬಂದು ವಾಸ ಖಚಿತಪಡಿಸಿಕೊಳ್ಳಬೇಕು. ನೀವು ಮಾಡಬಹುದಾದ ದೊಡ್ಡ ಸಹಾಯ ಎಂದರೆ ಬಿಎಲ್‌ಒ ಬರುವ ಹೊತ್ತಿಗೆ ಜನ ಲೈನಿನಲ್ಲಿ ಸಿಗುವಂತೆ ನೋಡಿಕೊಳ್ಳುವುದು. ಬೆಳಗ್ಗೆ ಹತ್ತಕ್ಕೆ ಬಂದರೆ ಎಲ್ಲರೂ ಗಿಡದ ಬುಡದಲ್ಲಿರುತ್ತಾರೆ, ಮನೆಗೆ ಬೀಗ, ವರದಿಯಲ್ಲಿ ‘ಸಿಗಲಿಲ್ಲ’. ಭಾನುವಾರ ಅಥವಾ ಸಂತೆಯ ದಿನ ಗೊತ್ತುಮಾಡಿ. ಲೈನ್ ಮನೆಗಳಿಗೆ ಬಾಗಿಲ ಮೇಲೆ ನಂಬರ್ ಬರೆಸಿಡಿ. ನಂಬರಿಲ್ಲದ ಮನೆಗಳ ಹೆಸರುಗಳು ಪಟ್ಟಿಯಲ್ಲಿ ಬೇರೆ ಬೇರೆ ಕಡೆ ಚದುರಿ, ಒಂದೇ ಮನೆಯವರು ಎರಡು ಬೂತಿಗೆ ಹಂಚಿಹೋಗುವುದುಂಟು.

ಹಣ್ಣು ಕೊಯ್ಲಿಗೆಂದು ಎರಡು–ಮೂರು ತಿಂಗಳು ಬಂದು ಹೋಗುವವರನ್ನು ಇಲ್ಲಿ ಸೇರಿಸಬಾರದು. ಅವರ ಹೆಸರು ಅವರೂರಿನಲ್ಲೇ ಇರಬೇಕು. ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಕಡಿಯದೆ ರಜೆ ಕೊಡಬೇಕು. ಇದು 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್, ತೋಟದ ಮಾಲೀಕರಿಗೂ ತಿಳಿಸಿ.

ಹದಿನೆಂಟು ತುಂಬಿದ ಮಕ್ಕಳಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1.

ಪ್ರಶ್ನೆ: ಅಮ್ಮನಿಗೆ 87 ವರ್ಷ. ಕಳಸದ ಹತ್ತಿರ ಗುಡ್ಡದ ಮೇಲೆ ಮನೆ, ಬೂತಿಗೆ ಜೀಪಿನಲ್ಲೇ ಇಳಿಯಬೇಕು. ಮನೆಯಿಂದ ಮತ ಹಾಕಬಹುದೇ?

ಉತ್ತರ: ಹಾಕಬಹುದು. 85 ದಾಟಿದವರಿಗೆ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ನಮೂನೆ 12ಡಿ ಇದೆ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ಅದು ಚುನಾವಣಾಧಿಕಾರಿಗೆ ತಲುಪಬೇಕು. ಬಿಎಲ್‌ಒ ಮನೆಗೇ ತಂದು ಕೊಡಬೇಕು, ಆದರೂ ನೀವೇ ಫೋನ್ ಮಾಡಿ ಕೇಳಿ. ಒಮ್ಮೆ ಇದನ್ನು ಆರಿಸಿಕೊಂಡರೆ ಬೂತಿನಲ್ಲಿ ಮತ ಹಾಕಲು ಬರುವುದಿಲ್ಲ. ತಂಡ ಬರುವ ದಿನ ಮೊದಲೇ ತಿಳಿಸುತ್ತಾರೆ. ಆ ದಿನ ಅಮ್ಮ ಆಸ್ಪತ್ರೆಗೋ ನೆಂಟರ ಮನೆಗೋ ಹೋಗಿದ್ದರೆ ಇನ್ನೊಮ್ಮೆ ಬರುತ್ತಾರೆ, ಮೂರನೆಯ ಸಲ ಇಲ್ಲ. ವಯಸ್ಸು ಲೆಕ್ಕಕ್ಕೆ ಬರುವುದು ಪಟ್ಟಿಯಲ್ಲಿ ಇದ್ದಂತೆ. ಅಲ್ಲಿ 78 ಎಂದು ತಪ್ಪಾಗಿ ಅಚ್ಚಾಗಿದ್ದರೆ ನಮೂನೆ 8ರಲ್ಲಿ ಈಗಲೇ ತಿದ್ದಿಸಿ.

ಪ್ರಶ್ನೆ: 2023ರಲ್ಲಿ ಶೃಂಗೇರಿಯಲ್ಲಿ ಘೋಷಣೆಯಾದ ಅಂತರ 201 ಮತ. ಇಷ್ಟು ಕಡಿಮೆ ಅಂತರ ಬಂದಾಗ ಮರು ಎಣಿಕೆ ತಾನಾಗಿಯೇ ಆಗುವುದಿಲ್ಲವೇ?

ಉತ್ತರ: ಇಲ್ಲ. ಅಂತರ ಇಷ್ಟಕ್ಕಿಂತ ಕಡಿಮೆಯಾದರೆ ಎಲ್ಲ ಮತಗಳನ್ನೂ ಮತ್ತೆ ಎಣಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಅದೇ ಚುನಾವಣೆಯಲ್ಲಿ ಪಕ್ಕದ ಮೂಡಿಗೆರೆಯ ಅಂತರವೂ 722 ಅಷ್ಟೇ. ಎಣಿಕೆ ಮುಗಿದು ಅಂಕಿ ಓದಿದ ಮೇಲೆ, ಫಲಿತಾಂಶ ಘೋಷಿಸುವ ಮುನ್ನ, ಅಭ್ಯರ್ಥಿ ಅಥವಾ ಅವರ ಏಜೆಂಟ್ ಕಾರಣ ಕೊಟ್ಟು ಲಿಖಿತವಾಗಿ ಮರು ಎಣಿಕೆ ಕೇಳಬೇಕು. ಚುನಾವಣಾಧಿಕಾರಿ ಒಪ್ಪಿದರೂ ನಿರಾಕರಿಸಿದರೂ ಕಾರಣ ಬರೆಯಬೇಕು. ‘ಅಂತರ ಕಡಿಮೆ’ ಎಂಬುದೊಂದೇ ಕಾರಣ ನಿಲ್ಲುವುದು ಕಷ್ಟ. ಯಾವ ಮೇಜು, ಯಾವ ಸುತ್ತು, ಏನು ವ್ಯತ್ಯಾಸ ಎಂದು ಹೇಳಬೇಕು. ಅದಕ್ಕೇ ಪ್ರತಿ ಬೂತಿನ ಏಜೆಂಟ್ ಮತದಾನ ಮುಗಿದಾಗ 17ಸಿ ನಮೂನೆಯ ಪ್ರತಿ ಪಡೆದಿರಬೇಕು. ಆ ಬೂತಿನ ಯಂತ್ರದಲ್ಲಿ ಒಟ್ಟು ಎಷ್ಟು ಮತ ಬಿದ್ದಿತ್ತು ಎಂಬುದಕ್ಕೆ ಕೈಯಲ್ಲಿರುವ ದಾಖಲೆ ಅದೇ.

ಇಂಥ ಕಡೆ ಅಂಚೆ ಮತದ ತೂಕ ಹೆಚ್ಚುತ್ತದೆ. ಮತಪತ್ರ ಒಳಲಕೋಟೆಯಲ್ಲಿ, ಅದರ ಜೊತೆ ಹೊರಲಕೋಟೆಯಲ್ಲಿ 13ಎ ಘೋಷಣಾ ಪತ್ರ. ಘೋಷಣೆ ಇಲ್ಲದಿದ್ದರೆ, ಸಹಿ ಇಲ್ಲದಿದ್ದರೆ, ಅಧಿಕಾರಿಯ ದೃಢೀಕರಣ ಇಲ್ಲದಿದ್ದರೆ, ಅದರಲ್ಲಿರುವ ಕ್ರಮಸಂಖ್ಯೆ ಒಳಲಕೋಟೆಯ ಸಂಖ್ಯೆಗೆ ತಾಳೆಯಾಗದಿದ್ದರೆ ಒಳಲಕೋಟೆ ಬಿಚ್ಚುವುದೇ ಇಲ್ಲ. ಚುನಾವಣೆ ನಡೆಸಿಕೊಡುವ ಶಿಕ್ಷಕರ, ನೌಕರರ ಮತ ಒಂದು ಸಹಿಯ ಕೊರತೆಯಿಂದ ವ್ಯರ್ಥವಾಗುವುದು ನಿಜಕ್ಕೂ ನೋವಿನ ವಿಷಯ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಆ ತಿರಸ್ಕೃತ ಮತಗಳನ್ನೆಲ್ಲ ಫಲಿತಾಂಶಕ್ಕೆ ಮೊದಲು ಮತ್ತೆ ಪರಿಶೀಲಿಸಲೇಬೇಕು ಎಂಬುದು ಆಯೋಗದ ಸೂಚನೆ.

ಘೋಷಣೆಯಾದ ಮೇಲೆ ಉಳಿಯುವ ದಾರಿ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಅದು 45 ದಿನದೊಳಗೆ ಆಗಬೇಕು. ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಯಾವ ಮತದಾರರೂ ಹಾಕಬಹುದು.

ಪ್ರಶ್ನೆ: ಅರಸೀಕೆರೆಯಲ್ಲಿ ನನ್ನ ಪರಿಚಿತರು ಬೂತಿಗೆ ಹೋದಾಗ ಅವರ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿದ್ದರಂತೆ. ವಾಪಸ್ ಬಂದುಬಿಟ್ಟರು. ಏನು ಮಾಡಬೇಕಿತ್ತು?

ಉತ್ತರ: ವಾಪಸ್ ಬರಬಾರದಿತ್ತು. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿ ಗುರುತು ಸಾಬೀತುಪಡಿಸಿದರೆ ಟೆಂಡರ್ ಮತಪತ್ರ ಕೊಡಲೇಬೇಕು. ಅದು ಕಾಗದದ ಮತಪತ್ರ, ಯಂತ್ರಕ್ಕೆ ಹೋಗುವುದಿಲ್ಲ. ಕೊಡುವ ಮೊದಲು 17ಬಿ ಪಟ್ಟಿಯಲ್ಲಿ ಹೆಸರು ಬರೆದು ಸಹಿ ಪಡೆಯುತ್ತಾರೆ. ಗುರುತು ಹಾಕಿ ಮಡಚಿ ಅಧಿಕಾರಿಯ ಕೈಗೆ ಕೊಟ್ಟರೆ ಲಕೋಟೆಯಲ್ಲಿ ಪ್ರತ್ಯೇಕವಾಗಿಡುತ್ತಾರೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಆದರೆ ಅಂತರ ಕಡಿಮೆಯಿದ್ದು ಫಲಿತಾಂಶ ಹೈಕೋರ್ಟಿಗೆ ಹೋದರೆ ನ್ಯಾಯಾಲಯ ಆ ಲಕೋಟೆ ತೆರೆಸಬಹುದು, ಕಳ್ಳಮತ ನಡೆದಿದ್ದಕ್ಕೆ ಸಹಿಯಿರುವ ದಾಖಲೆಯೂ ಅಲ್ಲಿರುತ್ತದೆ. ಬೂತಿನಲ್ಲಿ ‘ಅಂಥ ಮತಪತ್ರ ಇಲ್ಲ’ ಎಂದರೆ ಹಲವು ಮತಗಟ್ಟೆಗಳ ಮೇಲ್ವಿಚಾರಣೆ ನೋಡುವ ಸೆಕ್ಟರ್ ಅಧಿಕಾರಿಯನ್ನು ಕರೆಸಲು ಕೇಳಿ; ಸಾಮಾನ್ಯವಾಗಿ ಪ್ರತಿ ಮತಗಟ್ಟೆಗೂ 20 ಟೆಂಡರ್ ಮತಪತ್ರಗಳನ್ನು ಕೊಟ್ಟಿರುತ್ತಾರೆ.