ಸೇರಿದವರು ಎಲ್ಲಿ ಜಾರಿಹೋಗುತ್ತಾರೆ?

ನಮಸ್ಕಾರ. ಅಮೆರಿಕದ ಕಮ್ಯುನಿಟಿ ಕಾಲೇಜುಗಳ (ಎರಡು ವರ್ಷದ ಡಿಗ್ರಿ ಕೊಡುವ ಸ್ಥಳೀಯ ಸಾರ್ವಜನಿಕ ಕಾಲೇಜುಗಳ) ಬಗ್ಗೆ ನೀವು ಕೇಳಿದ್ದು ಇದು: ‘ಎರಡು ವರ್ಷದ ಡಿಗ್ರಿಗೆ ಸೇರಿದವರಲ್ಲಿ ಅಷ್ಟೊಂದು ಮಂದಿ ಅರ್ಧಕ್ಕೇ ಬಿಡುತ್ತಾರಂತೆ. ತಪ್ಪು ಪಾಠದ್ದೋ, ಹುಡುಗರದ್ದೋ? ಕಾಲೇಜು ಏನು ಬದಲಿಸಬೇಕು?’

ಮೊದಲು ನೋಡಬೇಕಾದದ್ದು ವೇಳಾಪಟ್ಟಿ. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಇಂಥ ಕಾಲೇಜು ಶುರುವಾದಾಗ ಬಂದವರು ಹೈಸ್ಕೂಲು ಮುಗಿಸಿದವರು. ಇವತ್ತು ಹೆಚ್ಚಿನವರು ಪಾರ್ಟ್‌ಟೈಮ್; ಕೆಲಸ, ಮಕ್ಕಳು ಎಲ್ಲ ಜೊತೆಗಿವೆ. ಒಂದು ಕೋರ್ಸ್ ಮುಗಿದು ಇನ್ನೊಂದಕ್ಕೆ ಹೆಸರು ಬರೆಸುವ ನಡುವಿನ ಬಿಡುವಿನಲ್ಲೇ ಇವರಲ್ಲಿ ಅನೇಕರು ಕೈತಪ್ಪುತ್ತಾರೆ.

ಗಣಿತವನ್ನೇ ತೆಗೆದುಕೊಳ್ಳಿ. ಸೇರುವಾಗ ಮಟ್ಟ ಅಳೆಯುವ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಹಳೆಯ ಪದ್ಧತಿಯಲ್ಲಿ ಮೂರು ಹಂತದ ಪೂರ್ವಸಿದ್ಧತಾ ಕೋರ್ಸ್. ಇದರಿಂದ ಡಿಗ್ರಿಗೆ ಒಂದು ಕ್ರೆಡಿಟ್ಟೂ (ಮುಗಿಸಿದ ಕೋರ್ಸ್‌ಗೆ ಡಿಗ್ರಿಯ ಲೆಕ್ಕದಲ್ಲಿ ಸಿಗುವ ಎಣಿಕೆ) ಇಲ್ಲ. ಪ್ರತಿ ಹಂತದಲ್ಲೂ ನೂರಕ್ಕೆ 70 ಪಾಸಾಗಿ, ಪಾಸಾದವರಲ್ಲಿ ನೂರಕ್ಕೆ 80 ಮುಂದಿನದಕ್ಕೆ ಸೇರುತ್ತಾರೆಂದು ಇಟ್ಟುಕೊಳ್ಳಿ. ಕೇಳಲು ಚೆನ್ನಾಗಿಯೇ ಇದೆ. ಲೆಕ್ಕ ಹಾಕಿದರೆ ನೂರು ಮಂದಿಯಲ್ಲಿ ಕಾಲೇಜು ಗಣಿತದ ಬಾಗಿಲಿಗೆ ಬರುವವರು ಹದಿನೇಳೋ ಹದಿನೆಂಟೋ! ಮೇಷ್ಟ್ರು ಎಷ್ಟೇ ಚೆನ್ನಾಗಿ ಕಲಿಸಲಿ, ಈ ಸೋರಿಕೆ ನಿಲ್ಲದು.

ಆದ್ದರಿಂದ ಹಂತಗಳನ್ನೇ ತೆಗೆದು, ನೇರ ಕಾಲೇಜು ಗಣಿತಕ್ಕೆ ಸೇರಿಸಿ, ಪಕ್ಕದಲ್ಲೇ ವಾರಕ್ಕೆ ಎರಡು ಗಂಟೆ ಬೆಂಬಲ ತರಗತಿ ಕೊಡಬೇಕು. ಕ್ಯಾಲಿಫೋರ್ನಿಯಾ 2017ರ ಎಬಿ 705 ಕಾನೂನಿನ ಮೂಲಕ ಇದೇ ದಿಕ್ಕು ಹಿಡಿಯಿತು. ಪರೀಕ್ಷೆಗಿಂತ ಹೈಸ್ಕೂಲಿನ ಅಂಕಗಳಿಗೆ ಬೆಲೆ ಕೊಟ್ಟಿತು. ಕೆಡುವುದೆಲ್ಲಿ? ಬೆಂಬಲ ತರಗತಿಗೆ ಬೇರೆ ಮೇಷ್ಟ್ರನ್ನು ಹಾಕಿ, ಅವರು ಹಳೆಯ ಭಿನ್ನರಾಶಿಯ ಸಿಲಬಸ್ಸನ್ನೇ ಮೊದಲಿನಿಂದ ತೆಗೆದಾಗ. ಇಬ್ಬರ ಬದಲು ಒಬ್ಬರೇ ಇರಲಿ, ನಾಳಿನ ಪಾಠಕ್ಕೆ ಬೇಕಾದಷ್ಟನ್ನೇ ಇವತ್ತು ತಿದ್ದಲಿ. ನರ್ಸಿಂಗ್‌ಗೆ ಹೋಗುವವರಿಗೆ ಬೀಜಗಣಿತಕ್ಕಿಂತ ಸಂಖ್ಯಾಶಾಸ್ತ್ರ ಕೊಡುವುದೇ ನ್ಯಾಯ.

ಇನ್ನು ಅವಧಿ. ಹದಿನಾರು ವಾರ ನಾಲ್ಕು ಕೋರ್ಸ್ ಒಟ್ಟಿಗೆ ಎಳೆಯುವ ಬದಲು ಎಂಟೆಂಟು ವಾರಕ್ಕೆ ಎರಡೆರಡು. ಟೆಕ್ಸಸ್‌ನ ಒಡೆಸ್ಸಾ ಕಾಲೇಜು ಈ ದಾರಿ ಹಿಡಿದಿದೆ. ಆದರೆ ವಾರಕ್ಕೆ ಮೂರು ಗಂಟೆಯ ಕೋರ್ಸ್ ಆರು ಗಂಟೆಯಾಗುತ್ತದೆ. ಒಂದು ವಾರ ಮಗುವಿಗೆ ಜ್ವರ ಬಂದರೆ ಎರಡು ವಾರದ ಪಾಠ ಹೋಯಿತು. ಉತ್ತರಪತ್ರಿಕೆಗಳನ್ನು ಎರಡು ಮೂರು ದಿನದಲ್ಲಿ ತಿದ್ದಿ ಕೊಡದಿದ್ದರೆ ಈ ಪದ್ಧತಿ ಮಾಡದಿರುವುದೇ ಲೇಸು. ಎರಡನೇ ಅರ್ಧದ ಕೋರ್ಸ್‌ಗಳಿಗೂ ಶುರುವಿನಲ್ಲೇ ಹೆಸರು ಬರೆಸಿಬಿಡಬೇಕು.

ಹಣವಿದ್ದರೆ ನ್ಯೂಯಾರ್ಕ್‌ನ ಸಿಟಿ ಯೂನಿವರ್ಸಿಟಿ 2007ರಲ್ಲಿ ಆರಂಭಿಸಿದ ‘ಅಸಾಪ್’ ಯೋಜನೆ ನೋಡಿ: ಫುಲ್‌ಟೈಮ್ ಓದು ಕಡ್ಡಾಯ, ಪದೇಪದೇ ಭೇಟಿಯಾಗುವ ಸಲಹೆಗಾರರು, ಪಠ್ಯಪುಸ್ತಕ, ಬಸ್ಸು-ರೈಲಿನ ಕಾರ್ಡ್. ಮೂರು ವರ್ಷದಲ್ಲಿ ಡಿಗ್ರಿ ಪಡೆದವರು ಶೇ. 40, ಯೋಜನೆಯ ಹೊರಗಿದ್ದವರಲ್ಲಿ ಶೇ. 22.

ಕೊನೆಯದು ವರ್ಗಾವಣೆ, ಅಂದರೆ ಇಲ್ಲಿ ಓದಿ ನಾಲ್ಕು ವರ್ಷದ ಡಿಗ್ರಿಗೆ ವಿಶ್ವವಿದ್ಯಾಲಯಕ್ಕೆ ಹೋಗುವುದು. ಕಾಲೇಜು ಬದಲಿಸಿದವರು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು 2017ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯೇ ಅಂದಾಜಿಸಿತು. ‘ಕ್ರೆಡಿಟ್ ಒಪ್ಪುತ್ತೇವೆ’ ಎಂಬ ವಿಶ್ವವಿದ್ಯಾಲಯದ ಮಾತು ಸಾಲದು. ಮುಖ್ಯ ವಿಷಯಕ್ಕೆ ಲೆಕ್ಕವಾಗದೆ ಐಚ್ಛಿಕದ ಖಾತೆಗೆ ಬಿದ್ದರೆ ಆ ಪಾಠವನ್ನು ಮತ್ತೆ ದುಡ್ಡು ಕಟ್ಟಿ ಓದಬೇಕಾದೀತು. ಯಾವ ಕೋರ್ಸ್ ಯಾವುದಕ್ಕೆ ಸಮ ಎಂದು ವಿಷಯವಾರು ಬರೆಸಿ ಸಹಿ ಹಾಕಿಸಿಕೊಳ್ಳುವುದು ಕಾಲೇಜಿನ ಕೆಲಸ, ವಿದ್ಯಾರ್ಥಿಯದ್ದಲ್ಲ.

– ಸಂ.