ಓದುಗರ ಪ್ರಶ್ನೆ, ಕ್ರೀಡಾ ಅಂಕಣದ ಉತ್ತರ: ಮುಗ್ಗರಿಸುತ್ತಿರುವ ಪಾಯಿಂಟ್ ಗಾರ್ಡ್‌ಗೆ ಇಷ್ಟೊಂದು ನಿಮಿಷ ಏಕೆ?

ಪ್ರಶ್ನೆ: ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಪಾಯಿಂಟ್ ಗಾರ್ಡ್ (ಚೆಂಡು ಮುಂದೊಯ್ದು ಆಟ ಕಟ್ಟುವವನು) ಈ ಋತುವಿನಲ್ಲಿ ಲಯ ಕಳೆದುಕೊಂಡಿದ್ದಾನೆ. ದೂರದಿಂದ ಎಸೆದ ಚೆಂಡು ರಿಂಗಿನ ಮುಂದಿನ ಅಂಚಿಗೇ ಬಡಿಯುತ್ತದೆ. ಮೂರನೆಯ ಕ್ವಾರ್ಟರ್ ಬಂತೆಂದರೆ ಅವನ ಪಾಸುಗಳು ಎದುರಾಳಿಯ ಕೈ ಸೇರುತ್ತವೆ. ಆದರೂ ತರಬೇತುದಾರರು 40 ನಿಮಿಷಗಳ ಪಂದ್ಯದಲ್ಲಿ ಅವನನ್ನು 36–37 ನಿಮಿಷ ಆಡಿಸುತ್ತಾರೆ. ‘ಏ, ಅವನ್ನ ಹೊರಗ ಕರೀರಿ’ ಎಂದು ನಾವು ಕೂಗಿ ಸಾಕಾಗಿದೆ. ಬೆಂಚಿನಲ್ಲಿರುವ ಇನ್ನೊಬ್ಬ ಹುಡುಗನಿಗೆ ಅವಕಾಶ ಸಿಗುವುದು ಪಂದ್ಯ ಕೈತಪ್ಪಿದ ಮೇಲೆಯೇ. ಇದು ಪಕ್ಷಪಾತವಲ್ಲವೇ?
— ಅಭಿಮಾನಿಯೊಬ್ಬರು, ಕಲಬುರಗಿ

ಉತ್ತರ: ನಿಮಿಷಗಳು ಅತಿಯಾದವು ಎಂಬ ನಿಮ್ಮ ದೂರನ್ನು ಒಪ್ಪುತ್ತೇನೆ; ಹುಡುಗನ ಆಟವೇ ಕೆಟ್ಟಿತು ಎಂಬ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ನೀವೇ ಬರೆದಿರುವ ಲಕ್ಷಣಗಳನ್ನು ಇನ್ನೊಮ್ಮೆ ಓದಿ ನೋಡಿ. ನೆಗೆದು ಎಸೆಯುವ ಜಂಪ್ ಶಾಟ್‌ಗೆ ಬಲ ಬರುವುದು ಹೆಚ್ಚಾಗಿ ಕಾಲಿನಿಂದ. ಕಾಲು ಸೋತಾಗ ನೆಗೆತ ತಗ್ಗುತ್ತದೆ, ಚೆಂಡಿನ ಕಮಾನು ಚಪ್ಪಟೆಯಾಗುತ್ತದೆ, ಗುರಿ ನೇರವಾಗಿಯೇ ಇದ್ದರೂ ಚೆಂಡು ರಿಂಗಿನ ಮುಂದಿನ ಅಂಚನ್ನು ದಾಟುವುದಿಲ್ಲ. ಕೈ ಕೆಟ್ಟವನ ಎಸೆತ ಎಡಬಲಗಳಿಗೆ ಚದುರುತ್ತದೆ. ದಣಿದವನ ಎಸೆತ ಮೋಟಾಗಿ ಬೀಳುತ್ತದೆ. ನೀವು ವರ್ಣಿಸಿರುವುದು ಎರಡನೆಯದನ್ನು.

ಪಾಯಿಂಟ್ ಗಾರ್ಡ್ ಆದವನು 8 ಸೆಕೆಂಡುಗಳೊಳಗೆ ಚೆಂಡನ್ನು ಮಧ್ಯರೇಖೆ ದಾಟಿಸಬೇಕು, 24 ಸೆಕೆಂಡುಗಳೊಳಗೆ ತಂಡಕ್ಕೊಂದು ಒಳ್ಳೆಯ ಎಸೆತ ಹೊಂದಿಸಿಕೊಡಬೇಕು, ಎದುರಾಳಿಗಳು ಅಂಗಣದುದ್ದಕ್ಕೂ ಪ್ರೆಸ್ ಮಾಡಿದರೆ, ಅಂದರೆ ಮೈಮೇಲೆ ಬಿದ್ದು ಒತ್ತಡ ಹೇರಿದರೆ, ಇಬ್ಬರ ನಡುವಿನಿಂದ ಚೆಂಡನ್ನು ಪಾರುಮಾಡಬೇಕು, ಇಷ್ಟಾದ ಮೇಲೆ ಹಿಂದಕ್ಕೋಡಿ ಅವರ ಚುರುಕಿನ ಗಾರ್ಡ್‌ನನ್ನು ತಡೆಯಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಸಂಜೆಯಾದರೂ ಕಾವು ಬಿಡದ ಸಿಮೆಂಟ್ ಅಂಗಣದ ಮೇಲೆ 37 ನಿಮಿಷ ಈ ಕೆಲಸ ಮಾಡುವವನ ಪಾಸು ಮೂರನೆಯ ಕ್ವಾರ್ಟರ್‌ನಲ್ಲಿ ಅರ್ಧ ಹೆಜ್ಜೆ ತಡವಾಗದಿದ್ದರೆ ಅದೇ ಆಶ್ಚರ್ಯ.

ತರಬೇತುದಾರರ ನಡೆಯಲ್ಲಿ ನನಗೆ ಪಕ್ಷಪಾತಕ್ಕಿಂತ ಅಂಜಿಕೆಯೇ ಎದ್ದು ಕಾಣುತ್ತದೆ. ಪ್ರೆಸ್‌ನ ಎದುರು ಚೆಂಡು ಕಾಯ್ದುಕೊಳ್ಳಬಲ್ಲವನು ಒಬ್ಬನೇ ಇರುವಾಗ ಅವನನ್ನು ಹೊರಗೆ ಕರೆಯಲು ಯಾರಿಗಾದರೂ ಕೈ ನಡುಗುತ್ತದೆ. ಆದರೆ ಆ ಅಂಜಿಕೆಯೇ ಎರಡನೆಯವನನ್ನು ತಯಾರಾಗಗೊಡುವುದಿಲ್ಲ. ತಂಡ 20 ಅಂಕ ಹಿಂದೆ ಬಿದ್ದ ಮೇಲೆ, ಎದುರಾಳಿಗಳು ಪ್ರೆಸ್ ಕೈಬಿಟ್ಟು ಆರಾಮವಾಗಿ ಆಡತೊಡಗಿದ ಮೇಲೆ ಕಣಕ್ಕಿಳಿದ ಹುಡುಗ ಏನನ್ನು ಕಲಿತಾನು? ಅದಕ್ಕೇ, ಯೋಜನೆಯ ತಪ್ಪಿಗೆ ಆಟಗಾರನನ್ನು ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಫುಟ್‌ಬಾಲ್‌ನ ದೊಡ್ಡ ಪಂದ್ಯಗಳಲ್ಲಿ ಹೊರಬಂದವನು ಮರಳಿ ಒಳಹೋಗುವಂತಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಐದು ಫೌಲ್ ತುಂಬುವವರೆಗೆ ಎಷ್ಟು ಸಲವಾದರೂ ಹೋಗಿ ಬರಬಹುದು. ಇಷ್ಟು ಉದಾರವಾದ ನಿಯಮವಿದ್ದೂ ಬಳಸದಿರುವುದಕ್ಕೆ ಸಮರ್ಥನೆ ಇಲ್ಲ.

ಪ್ರಶ್ನೆ: ನಮ್ಮ ತಂಡದಲ್ಲಿಯೂ ಇದೇ ಜಗಳ. ಆದರೆ ಅಸಿಸ್ಟ್‌ಗಳಲ್ಲಿ (ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸುಗಳಲ್ಲಿ) ನಮ್ಮ ಗಾರ್ಡ್‌ನೇ ಮೊದಲಿಗ. ಹಾಗಿರುವಾಗ ಅವನನ್ನು ಕೂರಿಸಿ ಎನ್ನುವುದು ಸರಿಯೇ?
— ಓದುಗರು, ಬೀದರ್

ಉತ್ತರ: ಪಂದ್ಯವಿಡೀ ಚೆಂಡು ಒಬ್ಬನ ಕೈಯಲ್ಲೇ ಇದ್ದರೆ ಅಸಿಸ್ಟ್‌ಗಳೂ ಅವನ ಹೆಸರಿಗೇ ಬೀಳುತ್ತವೆ, ಆ ಪಟ್ಟಿಯೊಂದನ್ನೇ ನಂಬಬೇಡಿ. ಪಕ್ಕದಲ್ಲಿ ಟರ್ನೋವರ್‌ಗಳನ್ನೂ, ಅಂದರೆ ಚೆಂಡು ಎದುರಾಳಿಗೆ ಬಿಟ್ಟುಕೊಟ್ಟ ಸಲಗಳನ್ನೂ, ಬರೆದುಕೊಳ್ಳಿ, ಅವುಗಳಲ್ಲಿಯೂ ಎರಡು ಬಗೆ ಮಾಡಿ. ಚೆಂಡು ಗೆರೆಯಾಚೆ ಹೋದರೆ ತಂಡಕ್ಕೆ ಹಿಂದಿರುಗಿ ನಿಲ್ಲಲು ಸಮಯವಾದರೂ ಸಿಗುತ್ತದೆ. ನಡುಅಂಗಣದಲ್ಲಿ ಕಸಿದುಕೊಂಡರೆ ಎದುರಾಳಿಗೆ ಓಡಿಹೋಗಿ ಹಾಕುವ ಸುಲಭದ ಎರಡು ಅಂಕ. ದಣಿದ ಗಾರ್ಡ್‌ನಿಂದ ತಂಡಕ್ಕಾಗುವ ದೊಡ್ಡ ನಷ್ಟ ಈ ಎರಡನೆಯದು. ಅವನು ಒಳಹೋದಾಗ ಮತ್ತು ಹೊರಬಂದಾಗ ಸ್ಕೋರ್ ಎಷ್ಟಿತ್ತೆಂದು ಗುರುತಿಟ್ಟುಕೊಂಡರೆ ಪ್ಲಸ್-ಮೈನಸ್ ಲೆಕ್ಕವೂ (ಅವನು ಆಡುವಾಗ ತಂಡ ಎದುರಾಳಿಗಿಂತ ಎಷ್ಟು ಅಂಕ ಹೆಚ್ಚು ಅಥವಾ ಕಡಿಮೆ ಗಳಿಸಿತು ಎಂಬುದು) ಸಿಗುತ್ತದೆ. ಅದಕ್ಕೆ ಪೆನ್ಸಿಲ್, ಚೀಟಿ ಸಾಕು. ಜೊತೆಗೆ ಆಡಿದ ನಾಲ್ವರ ಗುಣದೋಷಗಳೂ ಆ ಲೆಕ್ಕದಲ್ಲಿ ಬೆರೆಯುವುದರಿಂದ ಒಂದೆರಡು ಪಂದ್ಯಗಳ ಅಂಕಿ ಹಿಡಿದು ವಾದಕ್ಕಿಳಿಯಬೇಡಿ.

ಪ್ರಶ್ನೆ: ಅಮೆರಿಕದ ಎನ್‌ಬಿಎ ಲೀಗ್‌ನ ಲೇಕರ್ಸ್ ತಂಡದಲ್ಲಿ ಗಾರ್ಡ್ ರಸೆಲ್ ವೆಸ್ಟ್‌ಬ್ರೂಕ್ ವಿಷಯದಲ್ಲಿ ಅಭಿಮಾನಿಗಳು ಸಿಡಿದೆದ್ದದ್ದೂ ಇದೇ ಕಾರಣಕ್ಕಲ್ಲವೇ?
— ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ಸಿಟ್ಟಿನ ಸ್ವರೂಪ ಒಂದೇ, ಕಾರಣ ಬೇರೆ. 2016–17ರಲ್ಲಿ ಎನ್‌ಬಿಎಯ ಅತ್ಯಮೂಲ್ಯ ಆಟಗಾರನೆನಿಸಿದ್ದ ವೆಸ್ಟ್‌ಬ್ರೂಕ್ 2021–22ರಲ್ಲಿ ಲೇಕರ್ಸ್ ಸೇರಿ, ಪಂದ್ಯಕ್ಕೆ ಸರಾಸರಿ 34 ನಿಮಿಷ ಆಡಿದರು. ಮೂರಂಕದ ಎಸೆತಗಳಲ್ಲಿ ಯಶಸ್ಸು ಶೇ 30ರ ಆಸುಪಾಸು, ಪಂದ್ಯಕ್ಕೆ ನಾಲ್ಕರ ಸಮೀಪ ಟರ್ನೋವರ್. ತಂಡ 33 ಗೆದ್ದು 49 ಸೋತಿತು. ಅಲ್ಲಿ ತೊಡಕಾದದ್ದು ಹೊಂದಾಣಿಕೆ: ಚೆಂಡು ಕೈಯಲ್ಲಿದ್ದರೆ ಮಾತ್ರ ಅಪಾಯಕಾರಿಯಾಗುವ ಆಟಗಾರನನ್ನು, ಚೆಂಡು ತನ್ನ ಬಳಿಯೇ ಇರಬೇಕಾದ ಲೆಬ್ರಾನ್ ಜೇಮ್ಸ್ ಪಕ್ಕದಲ್ಲಿ ನಿಲ್ಲಿಸಿದ್ದರು. 2022ರ ಜನವರಿಯಲ್ಲಿ ಇಂಡಿಯಾನಾ ವಿರುದ್ಧ ಕೊನೆಯ ನಿಮಿಷಗಳಲ್ಲಿ ಆಗಿನ ಕೋಚ್ ಫ್ರಾಂಕ್ ವೋಗೆಲ್ ವೆಸ್ಟ್‌ಬ್ರೂಕ್‌ರನ್ನು ಬೆಂಚಿನಲ್ಲಿ ಕೂರಿಸಿದರು. ಆ ಪಂದ್ಯವನ್ನೂ ತಂಡ ಸೋತಿತು. ಮುಂದಿನ ಋತುವಿನಲ್ಲಿ ಹೊಸ ಕೋಚ್ ಡಾರ್ವಿನ್ ಹ್ಯಾಮ್ ವೆಸ್ಟ್‌ಬ್ರೂಕ್‌ರನ್ನು ಆರಂಭದ ಐವರಲ್ಲಿ ಆಡಿಸದೆ, ಆಮೇಲೆ ಬೆಂಚಿನಿಂದ ಕಣಕ್ಕಿಳಿಸತೊಡಗಿದರು. ನೆನಪಿಡಿ, ಎನ್‌ಬಿಎ ಪಂದ್ಯ 48 ನಿಮಿಷಗಳದ್ದು. ಅದರಲ್ಲಿ 34 ಎಂದರೆ ನಮ್ಮ 40 ನಿಮಿಷಗಳ ಆಟದಲ್ಲಿ ಸುಮಾರು 28. ಕಲಬುರಗಿಯ ಹುಡುಗ ಅದಕ್ಕಿಂತ ಎಂಟೊಂಬತ್ತು ನಿಮಿಷ ಹೆಚ್ಚಿಗೆ ದುಡಿಯುತ್ತಿದ್ದಾನೆ, ಅದೂ ಸಂಬಳವಿಲ್ಲದೆ.

ಪ್ರಶ್ನೆ: ನಾನೇ ಒಂದು ಚಿಕ್ಕ ತಂಡಕ್ಕೆ ತರಬೇತಿ ಕೊಡುತ್ತೇನೆ. ಎರಡನೆಯ ಗಾರ್ಡ್ ಕಚ್ಚಾ ಇದ್ದಾನೆ. ಅವನನ್ನು ಯಾವಾಗ ಇಳಿಸಲಿ?
— ಓದುಗರು, ಯಾದಗಿರಿ

ಉತ್ತರ: ಮೊದಲ ಕ್ವಾರ್ಟರ್‌ನ ಕೊನೆಯ 2 ನಿಮಿಷ ಮತ್ತು ಎರಡನೆಯದರ ಮೊದಲ 3 ನಿಮಿಷ, ಹಾಗೆಯೇ ಮೂರನೆಯದರ ಕೊನೆಗೆ, ನಾಲ್ಕನೆಯದರ ಆರಂಭಕ್ಕೆ. ಮುಖ್ಯ ಗಾರ್ಡ್‌ನ ಆಟ 30 ನಿಮಿಷಕ್ಕೆ ಇಳಿಯುತ್ತದೆ. ನಡುವೆ ಕ್ವಾರ್ಟರ್‌ಗಳ 2 ನಿಮಿಷದ ವಿರಾಮವೂ ಕೂಡಿಕೊಳ್ಳುವುದರಿಂದ ಅವನ ಕಾಲಿಗೆ ಗಡಿಯಾರದಲ್ಲಿ ಕಾಣುವುದಕ್ಕಿಂತ ಹೆಚ್ಚಿನ ವಿಶ್ರಾಂತಿ ಸಿಗುತ್ತದೆ. ಆ ಐದೈದು ನಿಮಿಷಗಳಲ್ಲಿ ಚೆಂಡು ಸಾಗಿಸುವ ಹೊಣೆ ಹೊಸಬ ಒಬ್ಬನ ಮೇಲೆಯೇ ಬೀಳಬಾರದು. ಚೆಂಡು ಹಿಡಿತವಿರುವ ಎತ್ತರದ ಫಾರ್ವರ್ಡ್ ಒಬ್ಬ ಮಧ್ಯರೇಖೆಯ ಬಳಿ ಬಂದು ಪಾಸು ಪಡೆಯಲಿ. ಹುಡುಗ ಒಂದೆರಡು ಸಲ ಚೆಂಡು ಕಳೆದುಕೊಂಡ ಕೂಡಲೇ ಹೊರಗೆ ಕರೆದುಬಿಡಬೇಡಿ, ಗೊತ್ತುಮಾಡಿದ ಸಮಯ ಮುಗಿಯುವವರೆಗೆ ಆಡಲಿ ಬಿಡಿ.