ಮಲೆನಾಡಿನ ರಸ್ತೆಗೆ ಸ್ಪೋರ್ಟ್ಸ್ ಕಾರು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ತಗ್ಗಾದ, ಗಟ್ಟಿ ಸಸ್ಪೆನ್ಷನ್ನಿನ ಕಾರನ್ನು ಶಿವಮೊಗ್ಗ ಸೀಮೆಯ ರಸ್ತೆಗೂ ಮಳೆಗೂ ಹೊಂದಿಸಿಕೊಳ್ಳುವುದು ಹೇಗೆ, ಅದರಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಎಷ್ಟು? ಮೊದಲ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸಿದ್ದೇವೆ. ಉಳಿದವರೂ ಅದನ್ನು ಓದಿಕೊಂಡರೆ ಒಳ್ಳೆಯದು.

ಪ್ರಶ್ನೆ: ನನ್ನದು 2016ರ ಅಬಾರ್ತ್ ಪುಂಟೊ. 78,000 ಕಿ.ಮೀ. ಓಡಿದೆ. ಆಗುಂಬೆ ಕಡೆ ಹೋಗುವಾಗ ಸಣ್ಣ ಗುಂಡಿ ಸಿಕ್ಕರೂ ಬೆನ್ನಿಗೆ ಹೊಡೆದಂತಾಗುತ್ತದೆ. ಉಬ್ಬು ದಾಟುವಾಗ ಮುಂದಿನ ಎಡಗಡೆಯಿಂದ ಟಕ್ ಟಕ್ ಸದ್ದು. ಕಾಯಿಲ್‌ಓವರ್ ಕಿಟ್ ಹಾಕಿದರೆ ಸರಿಹೋದೀತೇ? ನಾನೇ ಹಾಕಿಕೊಳ್ಳಬಹುದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಕಾಯಿಲ್‌ಓವರ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ ಅಬ್ಸಾರ್ಬರ್ ಜೋಡಿ, ಈಗಲೇ ಬೇಡ. ಇಷ್ಟು ಹಳೆಯ ಕಾರು ಬಡಿಯತೊಡಗಿದರೆ ಸ್ಪ್ರಿಂಗಿನ ಮೇಲೆ ಸಂಶಯಪಡುವ ಮೊದಲು ರಬ್ಬರ್ ನೋಡಬೇಕು. ಸತ್ತ ಬುಷ್‌ಗಳನ್ನು (ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ತುಂಬಿದ ಕೊಳವೆಗಳನ್ನು) ಹಾಗೇ ಬಿಟ್ಟು ದುಬಾರಿ ಕಿಟ್ ಕೂರಿಸಿದರೆ ಟಕ್ ಸದ್ದು ಎಲ್ಲಿಗೂ ಹೋಗುವುದಿಲ್ಲ, ಹೊಡೆತ ಇನ್ನಷ್ಟು ನೇರವಾಗಿ ಸೀಟಿಗೆ ಬರುತ್ತದೆ.

ಖರ್ಚಿಲ್ಲದ ಕೆಲಸದಿಂದ ಶುರುಮಾಡಿ. ಬೆಳಿಗ್ಗೆ, ಕಾರು ತೆಗೆಯುವ ಮೊದಲು, ನಿಮ್ಮದೇ ಗೇಜಿನಲ್ಲಿ ಟೈರ್ ಗಾಳಿ ನೋಡಿ, ಕಾರಿನ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿರುವ ಅಂಕಿಗೆ ತನ್ನಿ. ಓಡಿ ಬಿಸಿಯಾದ ಟೈರಿಗೆ ಬಂಕಿನಲ್ಲಿ ತುಂಬಿಸಿದ ಲೆಕ್ಕ ನಂಬಬೇಡಿ. ಪ್ರತಿ 5–6 ಡಿಗ್ರಿ ಬಿಸಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಹಾಗೆಯೇ ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆ ದಿನಾಂಕ ಇರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದ ಟೈರು. ಅಷ್ಟು ವರ್ಷದ ರಬ್ಬರ್ ಕಲ್ಲಾಗಿರುತ್ತದೆ, ಗ್ರೂವ್ ಎಷ್ಟೇ ಉಳಿದಿರಲಿ.

ಆಮೇಲೆ ಸದ್ದಿನ ಜಾಡು. ಮುಂಭಾಗವನ್ನು ಜಾಕ್ ಮಾಡಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಮಳೆಗಾಲದಲ್ಲಿ ಅಂಗಳದ ಮಣ್ಣು ಮೆತ್ತಗಿರುತ್ತದೆ, ಸ್ಟ್ಯಾಂಡಿನ ಕೆಳಗೆ ಒಂದೂವರೆ ಇಂಚಿನ ಹಲಗೆ ಇಲ್ಲದೆ ಕಾರಿನಡಿ ತಲೆ ಹಾಕಲೇಬೇಡಿ. ಸ್ಟೆಬಿಲೈಸರ್ ಲಿಂಕನ್ನು (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಅಡ್ಡಕಂಬಿಯ ತುದಿಗೆ ಜೋಡಿಸಿದ ಸಣ್ಣ ಕಡ್ಡಿ) ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿ. ಸಣ್ಣ ಉಬ್ಬಿನ ಟಕ್ ಸದ್ದಿಗೆ ಬಹಳ ಸಲ ಅದೇ ಕಾರಣ, ಅಗ್ಗದ್ದೂ ಅದೇ. ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳಾದ ಲೋವರ್ ಆರ್ಮ್‌ನ ಹಿಂದಿನ ಬುಷ್ಷಿಗೆ ಸಣ್ಣ ಹಾರೆ ಕೊಟ್ಟು ಮೀಟಿ ನೋಡಿ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ ಬಿರುಕು ಬಾಯಿ ತೆರೆಯುತ್ತದೆ. ಕಾರು ನೆಲದ ಮೇಲಿರುವಾಗ ಇನ್ನೊಬ್ಬರಿಂದ ಸ್ಟಿಯರಿಂಗ್ ತಿರುಗಿಸಿಸಿ, ಸ್ಪ್ರಿಂಗ್ ಟಂಗ್ ಎಂದು ಜಿಗಿದರೆ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬದ) ಮೇಲಿನ ಮೌಂಟ್ ಅಥವಾ ಅದರ ಬೇರಿಂಗ್ ಹೋಗಿದೆ. ಶಾಕ್ ಅಬ್ಸಾರ್ಬರ್ ಮೇಲೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ, ಹನಿ ಇಳಿಯುತ್ತಿದ್ದರೆ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಅದರ ಕಡ್ಡಿಯ ಮೇಲಿರುವ ಹಳದಿ ಅಥವಾ ಕಪ್ಪು ಫೋಮಿನ ಬಂಪ್ ಸ್ಟಾಪ್ ನಮ್ಮ ತೇವಕ್ಕೆ ಕಾಲಕ್ರಮೇಣ ರವೆಯಂತೆ ಉದುರಿಹೋಗುತ್ತದೆ. ಅದಿಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ಲೋಹಕ್ಕೆ ಲೋಹವೇ ಬಡಿಯುವುದು. ಬೆನ್ನಿಗೆ ಬರುವ ಹೊಡೆತ ಅದೇ ಇರಬಹುದು.

ಮನೆಯಲ್ಲಿ ಮಾಡುವವರು ಬುಷ್ ಬಿಡಿಯಾಗಿ ತರುವುದಕ್ಕಿಂತ ಬುಷ್, ಬಾಲ್ ಜಾಯಿಂಟ್ (ಚಕ್ರದ ಕಡೆಯ ತುದಿಯ ಗುಂಡು ಕೀಲು) ಸಮೇತ ಇಡೀ ಲೋವರ್ ಆರ್ಮ್ ತರುವುದು ಸುಲಭ. ಬುಷ್ ಮಾತ್ರ ಸಿಕ್ಕಿದರೆ ಹಳೆಯದು ಯಾವ ಕೋನದಲ್ಲಿ ಕೂತಿದೆ ಎಂದು ಆರ್ಮ್ ಮೇಲೆ ಗೀರು ಹಾಕಿಟ್ಟು, ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಕೂರಿಸುವಾಗ ಸೋಪಿನ ನೀರು ಹಚ್ಚಲಿ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಕೊಳೆಯುತ್ತದೆ. ಬೋಲ್ಟುಗಳು ತುಕ್ಕು ಹಿಡಿದು ಒಳಗಿನ ಕೊಳವೆಗೇ ಅಂಟಿಕೊಂಡಿರುವುದು ನಮ್ಮ ಕಡೆ ಮಾಮೂಲು, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಇಲ್ಲಿ ಒಂದು ಹಂತವಿದೆ, ಗ್ಯಾರೇಜಿನಲ್ಲೂ ಎಷ್ಟೋ ಸಲ ತಪ್ಪುವುದು ಅಲ್ಲೇ. ಬುಷ್‌ನ ಒಳಗಿನ ಕೊಳವೆಯನ್ನು ಬೋಲ್ಟ್ ಬಿಗಿಯಾಗಿ ಹಿಡಿದಿರುತ್ತದೆ, ಹೊರಗಿನ ಕೊಳವೆ ಆರ್ಮ್ ಜೊತೆ ಮೇಲೆ ಕೆಳಗೆ ಆಡುತ್ತದೆ. ನಡುವಿನ ರಬ್ಬರ್ ಜಾರುವುದಿಲ್ಲ, ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಕಾರು ಗಡಸಾಗುತ್ತದೆ, ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು, ಕಾರು ಸಮತಟ್ಟಾದ ನೆಲದಲ್ಲಿರುವಾಗ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ಆರ್ಮ್ ಹಾಕಿ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಿ. ಬಾಲ್ ಜಾಯಿಂಟಿನ ಹತ್ತಿರ ಜಾಕ್ ಕೊಟ್ಟು ಬರೆದಿಟ್ಟ ಅಳತೆ ಬರುವ ತನಕ ಎತ್ತಿ, ಆಗ ಟಾರ್ಕ್ ರೆಂಚಿನಲ್ಲಿ ಕಂಪನಿ ಕೈಪಿಡಿಯ ಅಂಕಿಗೆ ಬಿಗಿಯಿರಿ. ಕೊನೆಗೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಸ್ಟ್ರಟ್ ಬಿಚ್ಚುವುದು ಬೇರೆ ಮಾತು. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಜೀವಕ್ಕೇ ಅಪಾಯ. ಸ್ಟ್ರಟ್ಟನ್ನು ಇಡಿಯಾಗಿ ಇಳಿಸಿ ವರ್ಕ್‌ಶಾಪಿಗೆ ಕೊಡಿ. ಇಷ್ಟೆಲ್ಲ ಆದ ಮೇಲೂ ಗಡಸು ಅನ್ನಿಸಿದರೆ ಕಂಪನಿ ಎತ್ತರವನ್ನೇ ಉಳಿಸುವ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿ. ಎತ್ತರ ತಗ್ಗಿಸುವ ಸ್ಪ್ರಿಂಗ್ ಹಾಕಿದರೆ ಚಕ್ರ ಮೇಲೇಳಲು ಜಾಗ ಕಡಿಮೆಯಾಗಿ ಕಾರು ಸದಾ ಬಂಪ್ ಸ್ಟಾಪ್ ಮೇಲೇ ಕೂತಿರುತ್ತದೆ. ರಬ್ಬರಿಗಿಂತ ಗಡಸಾದ ಪಾಲಿಯುರೆಥೇನ್ ಬುಷ್ ಕೂಡ ಹಾಕಬೇಡಿ. ರೇಸ್ ಟ್ರ್ಯಾಕಿಗೆ ಅದು ಸರಿ, ಜಲ್ಲಿ ಎದ್ದ ರಸ್ತೆಯಲ್ಲಿ ಪ್ರತಿ ಕಲ್ಲಿನ ಸುದ್ದಿಯೂ ಕೈಗೆ ಬರುತ್ತದೆ.

ಪ್ರಶ್ನೆ: ಬಿಎಂಡಬ್ಲ್ಯು ಝಡ್4 (ಇ89) ಕೊಂಡಿದ್ದೇನೆ. ಮುಂದೆ 225/40 ಆರ್18, ಹಿಂದೆ 255/35 ಆರ್18 ರನ್‌ಫ್ಲಾಟ್ ಟೈರುಗಳಿವೆ. ಮಾಮೂಲಿ ಟೈರಿಗೆ ಬದಲಾಯಿಸಬಹುದೇ? ಸ್ಟೆಪ್ನಿ ಇಲ್ಲವಲ್ಲ?
— ಓದುಗರು, ಶಿವಮೊಗ್ಗ

ಉತ್ತರ: ಬದಲಾಯಿಸಬಹುದು. ಈ ಕಾರಿನ ಸವಾರಿ ಹಿತವಾಗಬೇಕಾದರೆ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ರನ್‌ಫ್ಲಾಟ್ ಟೈರು ಗಾಳಿ ಹೋದರೂ ಸಾಮಾನ್ಯವಾಗಿ 80 ಕಿ.ಮೀ. ವೇಗದಲ್ಲಿ 80 ಕಿ.ಮೀ. ದೂರ ಓಡಬೇಕು. ಅದಕ್ಕಾಗಿ ಅದರ ಪಕ್ಕೆ ದಪ್ಪ, ಗಟ್ಟಿ. ಆ ಗಟ್ಟಿ ಪಕ್ಕೆ ಗುಂಡಿಯ ಹೊಡೆತವನ್ನು ನುಂಗದೆ ರಿಮ್ಮಿಗೇ ದಾಟಿಸುತ್ತದೆ. ಹಾಗಾಗಿ ಹಳೆಯ ಟೈರು ಬಿಚ್ಚಿದಾಗ ರಿಮ್ಮಿನ ಒಳಅಂಚನ್ನು ಒರೆಸಿ, ಬೆಳಕು ಹಿಡಿದು ಕೂದಲೆಳೆ ಬಿರುಕಿಗಾಗಿ ಸುತ್ತಲೂ ನೋಡಿ. ಬಿರುಕಿದ್ದ ರಿಮ್ಮಿಗೆ ವೆಲ್ಡಿಂಗ್ ಬೇಡ.

ನಾಲ್ಕನ್ನೂ ಒಟ್ಟಿಗೇ ಬದಲಿಸಿ, ಎರಡು ಜಾತಿ ಬೆರೆಸಬೇಡಿ. ಟೈರು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಲೋಡ್ ಅಂಕಿ ಈಗಿರುವುದಕ್ಕಿಂತ ಕಡಿಮೆ ಇರಬಾರದು. ಗಾಳಿ ತುಂಬಿಸಿದ ಮೇಲೆ ಒತ್ತಡದ ಎಚ್ಚರಿಕೆ ವ್ಯವಸ್ಥೆಯನ್ನು ಮೆನುವಿನಲ್ಲಿ ರೀಸೆಟ್ ಮಾಡಿ.

ಸ್ಟೆಪ್ನಿ ಮಾತು: ಮೇಲ್ಛಾವಣಿ ಮಡಿಸಿದರೆ ಡಿಕ್ಕಿ 310 ಲೀಟರಿನಿಂದ 180ಕ್ಕೆ ಇಳಿಯುತ್ತದೆ, ಅಲ್ಲಿ ಚಕ್ರ ಇಟ್ಟು ಛಾವಣಿ ಮಡಿಸಲು ಹೋಗಬೇಡಿ. ಬದಲಿಗೆ ಹುರಿ ತುರುಕುವ ಪಂಕ್ಚರ್ ಕಿಟ್, ರಬ್ಬರ್ ಸೊಲ್ಯೂಷನ್, 12 ವೋಲ್ಟ್ ಕಂಪ್ರೆಸರ್, ತಲೆಗೆ ಕಟ್ಟುವ ಟಾರ್ಚ್. ಇವಿಷ್ಟೂ ಒಂದು ಸಣ್ಣ ಚೀಲಕ್ಕೆ ಹಿಡಿಯುತ್ತವೆ. ಮೊಳೆ ಚುಚ್ಚಿದ್ದಕ್ಕೆ ಇದು ಸಾಕು. ಜಂಬಿಟ್ಟಿಗೆಯ ಮೂಲೆ ತಾಗಿ ಪಕ್ಕೆ ಸೀಳಿದರೆ ಯಾವ ಕಿಟ್ಟೂ ಉಪಯೋಗವಿಲ್ಲ, ಕಾರನ್ನು ಹೊತ್ತೊಯ್ಯುವ ಲಾರಿಯೇ ಬರಬೇಕು. ಹೊಸನಗರದಾಚೆ ರಾತ್ರಿ ಒಬ್ಬರೇ ಓಡಾಡುವವರಾದರೆ ಇದನ್ನು ಯೋಚಿಸಿಯೇ ತೀರ್ಮಾನಿಸಿ.

ಪ್ರಶ್ನೆ: ಆಡಿ ಟಿಟಿಯ ಬಾಗಿಲುಗಳಿಗೆ ಸದ್ದು ತಡೆಯುವ ಶೀಟ್ ಅಂಟಿಸಬೇಕೆಂದಿದ್ದೇನೆ. ಯಾವುದು, ಎಷ್ಟು ಬೇಕು? ಮಳೆಗಾಲದಲ್ಲಿ ಮಾಡಬಹುದೇ?
— ಓದುಗರು, ಸಾಗರ

ಉತ್ತರ: ಅಲ್ಯೂಮಿನಿಯಂ ಹಾಳೆ ಇರುವ, 2 ಮಿ.ಮೀ. ದಪ್ಪದ ಬ್ಯುಟೈಲ್ (ಅಂಟುವ ರಬ್ಬರ್) ಶೀಟ್ ತನ್ನಿ. ಕಪ್ಪು ಟಾರ್ ಶೀಟ್ ಅಗ್ಗವೆಂದು ತರಬೇಡಿ, ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಇಳಿದು ನಾರುತ್ತದೆ. ಶೀಟ್ ಸದ್ದನ್ನು ತಡೆಯುವ ಗೋಡೆಯಲ್ಲ, ತಗಡು ನಡುಗುವುದನ್ನು ನಿಲ್ಲಿಸುವ ತೂಕ. ಬಾಗಿಲನ್ನು ಬೆರಳಿನಿಂದ ಬಡಿಯಿರಿ. ತಮಟೆಯಂತೆ ಎಲ್ಲಿ ಮೊಳಗುತ್ತದೋ ಅಲ್ಲಿ, ಹೊರ ತಗಡಿನ ಒಳಮೈಯ ಕಾಲುಭಾಗದಿಂದ ಮೂರನೇ ಒಂದು ಭಾಗಕ್ಕೆ ಅಂಟಿಸಿದರೆ ಬಡಿದ ಸದ್ದು ಮೊಂಡಾಗುತ್ತದೆ. ಅದಕ್ಕಿಂತ ಹೆಚ್ಚು ಅಂಟಿಸಿದರೆ ಲಾಭಕ್ಕಿಂತ ಭಾರವೇ ಹೆಚ್ಚು. ಒಂದು ಚದರ ಮೀಟರು 3 ಕಿಲೋ ದಾಟುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತಗಡು ಒರೆಸಿ, ಪೂರ್ತಿ ಒಣಗಿಸಿ. ತಣ್ಣಗಿನ ಬ್ಯುಟೈಲ್ ಅಂಟುವುದಿಲ್ಲ. ಜುಲೈ ತಿಂಗಳ ಸಾಗರದಲ್ಲಿ ಮಾಡುವುದೇ ಆದರೆ ಹೇರ್ ಡ್ರೈಯರಿನಲ್ಲಿ ತಗಡನ್ನೂ ಶೀಟನ್ನೂ ಬೆಚ್ಚಗೆ ಮಾಡಿ, ರೋಲರಿನಲ್ಲಿ ಹಾಳೆಯ ಮೇಲಿನ ಅಚ್ಚು ಅಳಿಯುವ ತನಕ ಉಜ್ಜಿ. ನಮ್ಮ ಸಲಹೆ ಕೇಳಿದರೆ, ಫೆಬ್ರವರಿಯ ಬಿಸಿಲಿಗೆ ಕಾಯಿರಿ.

ಇನ್ನೊಂದು ಮಾತು, ಇದು ಅಂಟಿಸುವುದಕ್ಕಿಂತ ಮುಖ್ಯ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲೊಳಗೆ ಇಳಿದು ತಳದ ಸಣ್ಣ ರಂಧ್ರಗಳಿಂದ ಹೊರಹೋಗುವಂತೆಯೇ ಕಾರು ಮಾಡಿರುತ್ತಾರೆ. ಆ ರಂಧ್ರ ಮುಚ್ಚಬೇಡಿ, ಗಾಜು ಇಳಿಯುವ ದಾರಿಗೆ ಶೀಟ್ ಚಾಚಬೇಡಿ. ಬಾಗಿಲ ಒಳಭಾಗದ ನೀರು ತಡೆಯುವ ಪರದೆಯನ್ನು ಬಿಚ್ಚಿದರೆ ಹಳೆಯ ಅಂಟನ್ನೇ ನಂಬದೆ ಹೊಸ ಬ್ಯುಟೈಲ್ ಹುರಿ ಸುತ್ತಲೂ ಹಾಕಿ ಮುಚ್ಚಿ. ಎರಡಿಂಚು ಬಿಟ್ಟುಹೋದರೂ ಕಾರ್ಪೆಟ್ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ. ಮೇಲೆ ಫೋಮ್ ಹಾಕುವುದಾದರೆ ನೀರು ಹೀರದ, ಮುಚ್ಚಿದ ಕಣಗಳ 6 ಮಿ.ಮೀ. ಫೋಮೇ ಆಗಲಿ. ಸ್ಪಂಜಿನಂಥದ್ದು ನಮ್ಮ ಊರಿಗೆ ಆಗದು.

ಪ್ರಶ್ನೆ: ಪೋರ್ಷೆ ಬಾಕ್ಸ್‌ಸ್ಟರ್ (987). ಒಂದು ವಾರ ಜಡಿಮಳೆಗೆ ಹೊರಗೆ ನಿಂತಿತ್ತು. ಸೀಟಿನ ಹಿಂದಿನ ಕಾರ್ಪೆಟ್ ಪೂರ್ತಿ ಒದ್ದೆ. ಬಟ್ಟೆಯ ಛಾವಣಿ ಎಲ್ಲೂ ಹರಿದಿಲ್ಲ.
— ಓದುಗರು, ಕೊಪ್ಪ

ಉತ್ತರ: ಛಾವಣಿಯ ನೀರು ಹರಿದುಹೋಗುವ ದಾರಿ ಕಟ್ಟಿದೆ. ಛಾವಣಿಯನ್ನು ಅರ್ಧಕ್ಕೆ ನಿಲ್ಲಿಸಿ, ಎರಡೂ ಪಕ್ಕದಲ್ಲಿ, ಹಿಂದಿನ ಚಕ್ರದ ಮುಂಭಾಗಕ್ಕೆ ಸರಿಯಾಗಿ ಕೆಳಗೆ ನೋಡಿ. ಎಲೆ, ಮಣ್ಣು ತುಂಬಿದ ಬಾಯಿ ಕಾಣುತ್ತದೆ. ಕೈಯಲ್ಲಿ ತೆಗೆದು, ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಇಳಿಸಿ, ಚೊಂಬಿನಿಂದ ನಿಧಾನವಾಗಿ ನೀರು ಸುರಿಯಿರಿ. ಕಾರಿನಡಿ ಎರಡೂ ಕಡೆ ನೀರು ಬೀಳಬೇಕು. ಕಂಪ್ರೆಸರಿನ ಗಾಳಿ ಹೊಡೆದರೆ ಒಳಗಿನ ಪೈಪು ಕಳಚಿ ನೀರು ನೇರ ಕ್ಯಾಬಿನ್ನಿಗೇ ಬರುತ್ತದೆ. ಮುಂದಿನ ಡಿಕ್ಕಿಯಲ್ಲಿ, ಗಾಜಿನ ಬುಡದ ಬ್ಯಾಟರಿ ಜಾಗದಲ್ಲೂ ಹೀಗೇ ಎಲೆ ಕೂರುತ್ತದೆ, ಅದನ್ನೂ ತೆಗೆಯಿರಿ.

ಕಾರ್ಪೆಟ್ಟನ್ನು ಮೇಲಿನಿಂದ ಒಣಗಿಸಿದರೆ ಸಾಲದು, ಕೆಳಗಿನ ದಪ್ಪ ಫೋಮ್ ನೀರನ್ನು ಹಿಡಿದಿಟ್ಟಿರುತ್ತದೆ. ಇದರ ಹಿಂದಿನ 986 ಮಾದರಿಯಲ್ಲಿ ಸೀಟಿನಡಿಯ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆಯ) ಪೆಟ್ಟಿಗೆ ಹೀಗೆ ನೆಂದು ಕಾರು ಸ್ಟಾರ್ಟೇ ಆಗದ್ದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಕಾರ್ಪೆಟ್ ಎತ್ತಿ ಒಣಗಿಸುವ ತನಕ ಸ್ವಿಚ್ ಹಾಕಬೇಡಿ.

ಪ್ರಶ್ನೆ: ಆಕ್ಸಿಲರೇಟರ್ ಪೆಡಲಿಗೆ ಜೋಡಿಸುವ ಪೆಡಲ್ ಬಾಕ್ಸ್ ಹಾಕಿದರೆ ಘಟ್ಟ ಹತ್ತುವಾಗ ಎಳೆತ ಹೆಚ್ಚುತ್ತದೆಯೇ?
— ಓದುಗರು, ಹೊಸನಗರ

ಉತ್ತರ: ಎಂಜಿನ್ ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲ. ನೀವು ಕಾಲುಭಾಗ ಒತ್ತಿದ್ದನ್ನು ಅರ್ಧ ಒತ್ತಿದಂತೆ ಕಂಪ್ಯೂಟರಿಗೆ ಹೇಳುತ್ತದೆ, ಅಷ್ಟೇ. ಹುಲಿಕಲ್ ಘಟ್ಟದ ಒದ್ದೆ ತಿರುವಿನಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧ, ಕಾಲಿನ ಅಳತೆಗೆ ಸರಿಯಾಗಿ ಸಿಗುವ ಎಳೆತ. ಟರ್ಬೊ ಕಾರು ತಡವಾಗಿ ಎಳೆಯುತ್ತಿದೆ ಎನ್ನುವುದಾದರೆ ಮೊದಲು ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಬೂಸ್ಟ್ ಪೈಪಿನ ಕ್ಲಿಪ್ಪುಗಳನ್ನೂ ರಬ್ಬರ್ ಬಾಗುಗಳ ಒಳಮಗ್ಗುಲನ್ನೂ ನೋಡಿ. ಸೀಳಿದ್ದರೆ ಅಲ್ಲಿ ಎಣ್ಣೆಯ ಕಲೆ ಇರುತ್ತದೆ. ಏರ್ ಫಿಲ್ಟರ್ ಬದಲಿಸಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿ.

ಪ್ರಶ್ನೆ: ಆಗುಂಬೆಯ ಮಂಜಿನಲ್ಲಿ ದಾರಿ ಕಾಣುವುದಿಲ್ಲ. ಹ್ಯಾಲೊಜನ್ ತೆಗೆದು ಎಲ್‌ಇಡಿ ಬಲ್ಬ್ ಹಾಕಲೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಡ. ಹ್ಯಾಲೊಜನ್ ತಂತಿಯ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ ಕನ್ನಡಿಯಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ಅಂಕೆ ತಪ್ಪಿ ಮೇಲಕ್ಕೂ ಚೆಲ್ಲುತ್ತದೆ. ಮಂಜಿನಲ್ಲಿ ಅದು ನಿಮ್ಮ ಕಣ್ಣಿಗೇ ಬಿಳಿ ಗೋಡೆ, ಎದುರಿನವನಿಗೆ ಕುರುಡು. ಹಳೆಯ ಕಾರಿನಲ್ಲಿ ಬಲ್ಬಿಗೆ ತಲಪುವ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಶೇ. 10 ಕಡಿಮೆ ಇದ್ದರೆ ಬೆಳಕು ಹತ್ತಿರ ಹತ್ತಿರ ಶೇ. 30 ಕುಗ್ಗಿರುತ್ತದೆ. ಬ್ಯಾಟರಿಯಿಂದ ನೇರವಾಗಿ 2.5 ಚದರ ಮಿ.ಮೀ. ವೈರು, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್, ರಿಲೇ ಹಾಕಿದರೆ ಅದೇ 55–60 ವ್ಯಾಟ್ ಬಲ್ಬ್ ಹೊಸದಾದಂತೆ ಉರಿಯುತ್ತದೆ. ಎಲ್‌ಇಡಿ ಅಥವಾ ಕಂಪ್ಯೂಟರ್ ನಿಯಂತ್ರಣದ ದೀಪವಿರುವ ಹೊಸ ಕಾರುಗಳಿಗೆ ಈ ಕೆಲಸ ಹೊಂದದು. ವೈರಿನ ಮೇಲೆ ಗಟ್ಟಿ ಸುಕ್ಕುಕೊಳವೆ ಹಾಕಿ. ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲುವ ಕಾರಿಗೆ ಇಲಿಯ ಕಾಟ ತಪ್ಪದು. ಮಂಜಿನಲ್ಲಿ ಹೈಬೀಮ್ ಹಾಕದೆ, ಬಂಪರಿನ ಫಾಗ್ ಲ್ಯಾಂಪನ್ನು ನೆಲ ನೋಡುವಂತೆ ಇನ್ನೂ ಸ್ವಲ್ಪ ತಗ್ಗಿಸಿ.